ಟೋಕಿಯೋದ ಎಡೊಗಾವಾ: ಸಮುದ್ರಕ್ಕಿಂತ ತಗ್ಗಿನಲ್ಲಿ ಒಂದು ಊರು

2019ರ ಮೇ ತಿಂಗಳಲ್ಲಿ ಟೋಕಿಯೋದ ಎಡೊಗಾವಾ ವಾರ್ಡ್ ಆಡಳಿತ ಮನೆಮನೆಗೂ ಒಂದು ಪುಸ್ತಿಕೆ ಹಂಚಿತು. ಪ್ರವಾಹ ಬಂದರೆ ಎಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂದು ತೋರಿಸುವ ನಕ್ಷೆ ಅದರಲ್ಲಿತ್ತು. ಮುಖಪುಟದಲ್ಲಿ ಟೋಕಿಯೋ ಸುತ್ತಮುತ್ತಲಿನ ಚಿತ್ರ. ಎಡೊಗಾವಾ ಮತ್ತು ಪಕ್ಕದ ವಾರ್ಡ್‌ಗಳಿರುವ ಜಾಗದಲ್ಲಿ ಒಂದೇ ಮಾತು: ಇಲ್ಲಿ ಇರಬೇಡಿ. ಅಲ್ಲಿಂದ ಹೊರಗೆ, ಬೇರೆ ಪ್ರಾಂತ್ಯಗಳ ಕಡೆಗೆ ಬಾಣದ ಗುರುತುಗಳು.

ಸರ್ಕಾರಿ ಕಾಗದಗಳಲ್ಲಿ ಹೀಗೆಲ್ಲ ಬರೆಯುವುದಿಲ್ಲ, ಅಲ್ವಾ? 'ಎಚ್ಚರದಿಂದಿರಿ, ಗಾಬರಿಯಾಗಬೇಡಿ' ಎಂದು ಬರೆದು ಕೈ ತೊಳೆದುಕೊಳ್ಳುವುದೇ ಎಲ್ಲ ಕಡೆಯ ವಾಡಿಕೆ. ಜಪಾನಿನಲ್ಲೂ ಜನ ಬೆಚ್ಚಿಬಿದ್ದರು. ಸಾಮಾಜಿಕ ಜಾಲತಾಣಗಳಲ್ಲಿ ಗದ್ದಲವಾಯಿತು. ಇಲ್ಲೇ ತೆರಿಗೆ ಕಟ್ಟಿಸಿಕೊಂಡು ಇಲ್ಲಿರಬೇಡಿ ಅಂದರೆ ಹೇಗೆ ಎಂದು ಕೇಳಿದವರಿದ್ದರು. ಇಷ್ಟು ನೇರವಾಗಿ ಹೇಳಿದ್ದೇ ಒಳ್ಳೆಯದಾಯಿತು ಅಂದವರೂ ಇದ್ದರು. ನಾನು ಎರಡನೆಯವರ ಪಕ್ಷ. ಆದರೆ ಆಡಳಿತವೇ ಈ ಮಾತು ಹೇಳುವ ಸ್ಥಿತಿ ಯಾಕೆ ಬಂತು ಎಂದು ತಿಳಿಯಬೇಕಾದರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು ಜಾಗದ ಪರಿಚಯ. ವಾರ್ಡ್ ಅಂದ ಕೂಡಲೇ ನಮಗೆ ಒಬ್ಬ ಕಾರ್ಪೊರೇಟರ್, ನಾಲ್ಕು ಬಡಾವಣೆ ನೆನಪಾಗುತ್ತವೆ. ಟೋಕಿಯೋದ ವಾರ್ಡ್ ಆ ಅಳತೆಯದ್ದಲ್ಲ. ಎಡೊಗಾವಾದಲ್ಲಿ ಸುಮಾರು 7 ಲಕ್ಷ ಜನ ಇದ್ದಾರೆ. ವಿಸ್ತೀರ್ಣ 50 ಚದರ ಕಿಲೋಮೀಟರ್. ಟೋಕಿಯೋದ 23 ವಿಶೇಷ ವಾರ್ಡ್‌ಗಳಲ್ಲಿ ತೀರಾ ಪೂರ್ವಕ್ಕಿರುವುದು ಇದು. ಎಡೊ ನದಿ ದಾಟಿದರೆ ಚಿಬಾ ಪ್ರಾಂತ್ಯ. ಈ ಒಂದೊಂದು ವಾರ್ಡ್‌ಗೂ ತನ್ನದೇ ಮೇಯರ್, ತನ್ನದೇ ಸಭೆ, ತನ್ನದೇ ಶಾಲೆಗಳು ಇವೆ. ಆದರೆ ಪೂರ್ತಿ ನಗರಸಭೆಯೂ ಅಲ್ಲ. ಕುಡಿಯುವ ನೀರು, ಒಳಚರಂಡಿ, ಅಗ್ನಿಶಾಮಕ ದಳ ಇವೆಲ್ಲ ಟೋಕಿಯೋ ಮಹಾನಗರ ಸರ್ಕಾರದ ಕೈಯಲ್ಲಿವೆ. ಆಸ್ತಿ ತೆರಿಗೆಯಂಥ ದೊಡ್ಡ ತೆರಿಗೆಗಳನ್ನೂ ಮಹಾನಗರ ಸರ್ಕಾರವೇ ಎತ್ತುತ್ತದೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಭಾಗವನ್ನು 23 ವಾರ್ಡ್‌ಗಳಿಗೆ ಅಗತ್ಯ ನೋಡಿ ಹಂಚುತ್ತದೆ. ದೊಡ್ಡ ಕಂಪನಿಗಳ ಕಚೇರಿಗಳಿರುವ ನಡುಪೇಟೆಯ ವಾರ್ಡ್‌ಗಳ ದುಡ್ಡು ಹೀಗೆ ಎಡೊಗಾವಾದಂಥ ವಾಸದ ವಾರ್ಡ್‌ಗಳಿಗೆ ಹರಿದು ಬರುತ್ತದೆ. ವಾರ್ಡ್ ಹುಟ್ಟಿದ್ದು 1932ರಲ್ಲಿ, ಸುತ್ತಲಿನ ಹಳ್ಳಿಗಳನ್ನು ಟೋಕಿಯೋ ನುಂಗಿಕೊಂಡಾಗ. ಆಗ ಇಲ್ಲಿ ಇದ್ದದ್ದು ಗದ್ದೆ, ಕಾಲುವೆ, ಕಮಲದ ಕೊಳ, ಸೊಪ್ಪಿನ ತೋಟ. ಜಪಾನಿನ ಅಡುಗೆಮನೆಗಳಲ್ಲಿ ದಿನವೂ ಬಳಸುವ ಕೊಮಾತ್ಸುನಾ ಸೊಪ್ಪಿಗೆ ಹೆಸರು ಬಂದಿದ್ದೇ ಇಲ್ಲಿನ ಕೊಮಾತ್ಸುಗಾವಾ ಎಂಬ ಹಳ್ಳಿಯಿಂದ. ಇವತ್ತಿಗೂ ಅಪಾರ್ಟ್‌ಮೆಂಟ್‌ಗಳ ನಡುವೆ ಅಲ್ಲೊಂದು ಇಲ್ಲೊಂದು ಕೊಮಾತ್ಸುನಾ ತೋಟ ಕಾಣುತ್ತದೆ.

ಈ ವಾರ್ಡ್‌ನ ಸುಮಾರು 70 ಶೇಕಡಾ ನೆಲ ಭರತದ ವೇಳೆಯ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಹುಟ್ಟಿನಿಂದಲೇ ಹೀಗಿರಲಿಲ್ಲ. ನದಿ ಮುಖಜ ಭೂಮಿಯಾದ್ದರಿಂದ ಮೊದಲೂ ತಗ್ಗೇ. ಆದರೆ ಸಮುದ್ರಕ್ಕಿಂತ ಕೆಳಗೆ ಇಳಿಸಿದ್ದು ಮನುಷ್ಯರು.

ಹೇಗೆ ಎಂದರೆ, ನೀರು ಎತ್ತಿ ಎತ್ತಿ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಪೂರ್ವ ಟೋಕಿಯೋ ತುಂಬ ಕಾರ್ಖಾನೆಗಳು ಬಂದವು. ಅವಕ್ಕೆ ಬೇಕಾದ ನೀರನ್ನು ಬೋರ್‌ವೆಲ್ ಕೊರೆದು ತೆಗೆದರು. ಅದು ಸಾಲದು ಎಂಬಂತೆ, ಈ ಭಾಗದ ಆಳದ ನೀರಿನಲ್ಲಿ ನೈಸರ್ಗಿಕ ಅನಿಲ ಕರಗಿಕೊಂಡಿದೆ. ಅನಿಲ ಬೇಕಾದರೆ ನೀರನ್ನೂ ಮೇಲೆತ್ತಬೇಕು. ಅದನ್ನೂ ಎತ್ತಿದರು. ಇಲ್ಲಿನ ನೆಲದಡಿಯಲ್ಲಿ ಇರುವುದು ಬಂಡೆಯಲ್ಲ. ನದಿಗಳು ತಂದು ಹಾಕಿದ ಮೆತ್ತನೆಯ ಜೇಡಿಮಣ್ಣಿನ ದಪ್ಪ ಪದರ. ಅದರ ಕಣಗಳ ನಡುವಿನ ನೀರು ಹೋದರೆ ಕಣಗಳು ಒತ್ತಿಕೊಂಡು ಕೂರುತ್ತವೆ. ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ ಮೊಸರಿನ ಹಾಗೆ. ನೀರು ಸೋರಿ ಗಟ್ಟಿಯಾದ ಮೊಸರಿಗೆ ಮತ್ತೆ ನೀರು ಸುರಿದರೆ ಅದು ಹಳೆಯ ಗಾತ್ರಕ್ಕೆ ಬರುವುದಿಲ್ಲ. ಜೇಡಿಮಣ್ಣಿನದೂ ಅದೇ ಕತೆ. ಬೋರ್‌ವೆಲ್ ನಿಲ್ಲಿಸಿದರೆ ಇಳಿಯುವುದು ನಿಲ್ಲುತ್ತದೆ. ಇಳಿದದ್ದು ಏಳುವುದಿಲ್ಲ.

ಪಕ್ಕದ ಕೋಟೊ ವಾರ್ಡ್‌ನಲ್ಲಿ ಕೆಲವು ಕಡೆ ನೆಲ ಒಟ್ಟು ನಾಲ್ಕೂವರೆ ಮೀಟರ್‌ನಷ್ಟು ಇಳಿದಿದೆ. ಎಡೊಗಾವಾದ ನಿಶಿ-ಕಸಾಯಿಯಲ್ಲಿ 1968ರಲ್ಲಿ, ಆ ಒಂದೇ ವರ್ಷದಲ್ಲಿ, ನೆಲ ಸುಮಾರು 24 ಸೆಂಟಿಮೀಟರ್ ಕುಸಿಯಿತು. ಒಂದು ಮೆಟ್ಟಿಲಿನಷ್ಟು! ಬೋರ್‌ವೆಲ್‌ಗೆ ಕಡಿವಾಣ ಹಾಕುವ ಕಾನೂನು 1956ರಲ್ಲಿ ಮತ್ತು 1962ರಲ್ಲಿ ಬಂದವು. 1972ರಲ್ಲಿ ಮಹಾನಗರ ಸರ್ಕಾರ ಅನಿಲ ತೆಗೆಯುವ ಹಕ್ಕನ್ನೇ ಕೊಂಡುಕೊಂಡು ಆ ಕೆಲಸ ನಿಲ್ಲಿಸಿತು. ಆಮೇಲೆ ನೆಲ ಕುಸಿಯುವುದು ಬೇಗನೆ ತಗ್ಗಿತು. ಆದರೆ ಅಷ್ಟು ಹೊತ್ತಿಗೆ ಕಸಾಯಿಯ ಕರಾವಳಿಯಲ್ಲಿ ಎಷ್ಟೋ ಜನರ ಹೊಲಗಳು ಸಮುದ್ರದೊಳಗೇ ಹೋಗಿದ್ದವು. ಕಾಗದದಲ್ಲಿ ಜಮೀನು, ಕಣ್ಣಿಗೆ ನೀರು.

ನೆಲ ಸಮುದ್ರಕ್ಕಿಂತ ತಗ್ಗಿದ್ದ ಮಾತ್ರಕ್ಕೆ ಊರು ಮುಳುಗುವುದಿಲ್ಲ. ನೆದರ್‌ಲೆಂಡ್ಸ್ ಮುಳುಗಿದೆಯೇ? ಎಡೊಗಾವಾದ ತೊಂದರೆ ಏನೆಂದರೆ, ಮುಂದೆ ಸಮುದ್ರ, ಹಿಂದೆ ದೊಡ್ಡ ನದಿಗಳು. ಟೋಕಿಯೋ ಸುತ್ತಲಿನ ಕಾಂಟೊ ಬಯಲಿನಲ್ಲಿ ಬಿದ್ದ ಮಳೆಯಲ್ಲಿ ಬಹುಪಾಲು ಈ ಮೂಲೆಯತ್ತ ಹರಿಯುತ್ತದೆ. ಪೂರ್ವಕ್ಕೆ ಎಡೊ ನದಿ. ಪಶ್ಚಿಮಕ್ಕೆ ಅರಾಕಾವಾ ಮತ್ತು ನಾಕಾಗಾವಾ. ಎಡೊ ನದಿ ಬೇರೆಯದಲ್ಲ, ಜಪಾನಿನ ಅತಿ ದೊಡ್ಡ ಜಲಾನಯನ ಇರುವ ಟೋನೆ ನದಿಯ ಕವಲು. ಟೋನೆ ಹಿಂದೆ ಟೋಕಿಯೋ ಕೊಲ್ಲಿಗೇ ಬಂದು ಸೇರುತ್ತಿತ್ತು. ಹದಿನೇಳನೇ ಶತಮಾನದಲ್ಲಿ ಟೊಕುಗಾವಾ ಆಡಳಿತ ಅದನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಕಡೆಗೆ ಕಳಿಸಿತು.

1947ರ ಸೆಪ್ಟೆಂಬರ್‌ನಲ್ಲಿ ಕ್ಯಾಥ್ಲೀನ್ ಎಂಬ ಚಂಡಮಾರುತ ಬಂದಾಗ ಆ ತಿರುವಿಗೆ ಬೆಲೆ ತೆರಬೇಕಾಯಿತು. ಟೋಕಿಯೋದಿಂದ ಬಹಳ ಮೇಲೆ, ಸೈತಾಮಾ ಪ್ರಾಂತ್ಯದಲ್ಲಿ ಟೋನೆಯ ಒಡ್ಡು ಒಡೆಯಿತು. ನೀರು ನದಿಯ ಹಳೆಯ ಜಾಡು ಹಿಡಿದು ಬಯಲ ಮೇಲೆ ಮೆಲ್ಲಗೆ ದಕ್ಷಿಣಕ್ಕೆ ಇಳಿಯಿತು. ಮೂರ್ನಾಲ್ಕು ದಿನ ಬಿಟ್ಟು ಕಾತ್ಸುಶಿಕಾ, ಎಡೊಗಾವಾ ಮುಳುಗಿದವು. ಮಳೆ ಅಷ್ಟರಲ್ಲಿ ನಿಂತು ಹೋಗಿತ್ತು. ಎರಡು ವರ್ಷ ಕಳೆದು, 1949ರಲ್ಲಿ ಕಿಟಿ ಎಂಬ ಚಂಡಮಾರುತ ಸಮುದ್ರದ ನೀರನ್ನೇ ಒಳಗೆ ನುಗ್ಗಿಸಿತು. ಒಂದು ಹಿಂದಿನಿಂದ ಬಂತು, ಇನ್ನೊಂದು ಮುಂದಿನಿಂದ.

ಅರಾಕಾವಾದ ಕತೆ ಇನ್ನೂ ಸ್ವಾರಸ್ಯದ್ದು. ಇವತ್ತು ಎಡೊಗಾವಾದ ಪಶ್ಚಿಮಕ್ಕೆ ಅಗಲವಾಗಿ ಹರಿಯುವ ನದಿ ನೋಡಿದರೆ ಅನಾದಿ ಕಾಲದಿಂದ ಅಲ್ಲೇ ಇತ್ತು ಅನಿಸುತ್ತದೆ. ಅಲ್ಲ. ಅದು ಅಗೆದು ಮಾಡಿದ ನದಿ. 1910ರ ಆಗಸ್ಟ್‌ನಲ್ಲಿ ಟೋಕಿಯೋದ ತಗ್ಗು ಪ್ರದೇಶವೆಲ್ಲ ಮುಳುಗಿದ ಮೇಲೆ, ಹಳೆಯ ನದಿ, ಅಂದರೆ ಈಗಿನ ಸುಮಿದಾ, ಇಷ್ಟು ನೀರು ಹೊರಲಾರದು ಎಂದು ಸರ್ಕಾರಕ್ಕೆ ಮನವರಿಕೆಯಾಯಿತು. ಮರುವರ್ಷವೇ ಹೊಸ ಪಾತ್ರದ ಕೆಲಸ ಶುರು. ಉದ್ದ 22 ಕಿಲೋಮೀಟರ್, ಅಗಲ ಸುಮಾರು 500 ಮೀಟರ್. ದಾರಿಯಲ್ಲಿದ್ದ ಸುಮಾರು 1,300 ಮನೆಗಳು ಎದ್ದು ಹೋಗಬೇಕಾಯಿತು. ಎಷ್ಟೋ ಹಳ್ಳಿಗಳು ನಡುವೆ ಸೀಳಿ ಎರಡಾದವು. 1924ರಲ್ಲಿ ನೀರು ಬಿಟ್ಟರು. ಪೂರ್ತಿ ಮುಗಿದದ್ದು 1930ರಲ್ಲಿ. ಎಡೊಗಾವಾದ ಹಿರಾಯಿ ಮತ್ತು ಕೊಮಾತ್ಸುಗಾವಾ ಇವತ್ತಿಗೂ ಉಳಿದ ವಾರ್ಡ್‌ನಿಂದ ಬೇರೆಯಾಗಿ ನದಿಯ ಆಚೆ ದಡದಲ್ಲಿ ಕೂತಿರುವುದು ಈ ಕೆಲಸದ ಗುರುತು.

ಈ ಕಾಮಗಾರಿಯ ಮುಖ್ಯ ಎಂಜಿನಿಯರ್‌ಗಳಲ್ಲಿ ಒಬ್ಬರು ಆಒಯಾಮಾ ಅಕಿರಾ. ಪನಾಮಾ ಕಾಲುವೆಯ ಕೆಲಸದಲ್ಲಿದ್ದ ಏಕೈಕ ಜಪಾನಿ ಎಂಜಿನಿಯರ್ ಅವರು. ಅಲ್ಲಿ ಕಲಿತದ್ದನ್ನು ಇಲ್ಲಿಗೆ ತಂದರು. ಮೇಲ್ಗಡೆ ಇವಾಬುಚಿಯ ತೂಬಿನ ಬಳಿ ಕೆಲಸ ಮುಗಿದ ನೆನಪಿಗೆ ಒಂದು ಕಲ್ಲು ಇದೆ. ಇದಕ್ಕಾಗಿ ದುಡಿದ, ತ್ಯಾಗ ಮಾಡಿದ ಸಂಗಾತಿಗಳ ನೆನಪಿಗೆ ಎಂದು ಅದರಲ್ಲಿ ಕೆತ್ತಿದೆ. ಎಂಜಿನಿಯರ್‌ನ ಹೆಸರು ಅದರಲ್ಲಿಲ್ಲ. ಸಣ್ಣ ಬಸ್ ನಿಲ್ದಾಣದ ಮೇಲೂ ಹೆಸರು ಬರೆಸಿಕೊಳ್ಳುವವರನ್ನು ಕಂಡು ಬೆಳೆದ ನನಗಂತೂ ಆ ಕಲ್ಲಿನ ವಿಷಯ ಬಹಳ ಹಿಡಿಸಿತು.

ಈಗ ದಿನನಿತ್ಯದ ಮಾತು. ಸಮುದ್ರಕ್ಕಿಂತ ತಗ್ಗಿನ ಊರಿನಲ್ಲಿ ಮಳೆ ಬಿದ್ದರೆ ಆ ನೀರು ತಾನಾಗಿ ಎಲ್ಲಿಗೂ ಹರಿಯದು. ಒಳಚರಂಡಿ ಸೇರಿದ ಮಳೆನೀರನ್ನು ಪಂಪ್ ಹಾಕಿ ನದಿಗೋ ಸಮುದ್ರಕ್ಕೋ ಎತ್ತಿ ಹಾಕಬೇಕು. ಪಂಪ್ ನಿಂತರೆ ಊರು ನಿಂತಂತೆ. ಒಳಗಿನ ಹಳೆಯ ಕಾಲುವೆಗಳಿಗೆ ಎರಡೂ ತುದಿಯಲ್ಲಿ ತೂಬು ಹಾಕಿ ನೀರಿನ ಮಟ್ಟವನ್ನು ಬೇಕೆಂದೇ ಸಮುದ್ರಕ್ಕಿಂತ ಕೆಳಗೆ ಇಟ್ಟಿದ್ದಾರೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಕೊಮಾತ್ಸುಗಾವಾದಲ್ಲಿರುವ ಅರಾಕಾವಾ ಲಾಕ್ ಗೇಟ್‌ಗೆ ಹೋಗಬೇಕು. 2005ರಲ್ಲಿ ಕಟ್ಟಿದ್ದು. ಒಂದು ಕಡೆ ಅರಾಕಾವಾ, ಇನ್ನೊಂದು ಕಡೆ ಹಳೆಯ ನಾಕಾಗಾವಾ. ಎರಡರ ನೀರಿನ ಮಟ್ಟಕ್ಕೆ ಮೂರು ಮೀಟರ್‌ವರೆಗೂ ವ್ಯತ್ಯಾಸ ಇರುತ್ತದೆ. ದೋಣಿ ನಡುವಿನ ತೊಟ್ಟಿಯೊಳಗೆ ಬರುತ್ತದೆ, ಗೇಟ್ ಮುಚ್ಚುತ್ತದೆ, ನೀರು ತುಂಬುತ್ತದೆ ಇಲ್ಲವೇ ಇಳಿಯುತ್ತದೆ, ಆಚೆ ಗೇಟ್ ತೆರೆಯುತ್ತದೆ. ಪನಾಮಾದಲ್ಲಿ ದೊಡ್ಡ ಹಡಗುಗಳಿಗೆ ಮಾಡುವುದೇ ಇಲ್ಲಿ ಸಣ್ಣ ದೋಣಿಗಳಿಗೆ. ಭೂಕಂಪವಾಗಿ ರಸ್ತೆ ಕಡಿದರೆ ದೋಣಿಗಳಲ್ಲಿ ಸಾಮಾನು, ಜನ ಸಾಗಿಸಬಹುದು ಎಂಬ ಲೆಕ್ಕವೂ ಇದರ ಹಿಂದಿದೆ.

ನೀರಿನಿಂದ ಬರೀ ತೊಂದರೆಯೇ ಎಂದುಕೊಳ್ಳಬೇಡಿ. ಒಳಚರಂಡಿ ಬರುವ ಮೊದಲು ಹಳೆಯ ಗದ್ದೆ ಕಾಲುವೆಗಳು ಕೊಳಚೆಯಾಗಿ ನಾರುತ್ತಿದ್ದವು. ಬೇರೆ ಕಡೆಯಾಗಿದ್ದರೆ ಮೇಲೆ ಸ್ಲ್ಯಾಬ್ ಹಾಕಿ ರಸ್ತೆ ಮಾಡಿಬಿಡುತ್ತಿದ್ದರು. ಎಡೊಗಾವಾ ಅವುಗಳಲ್ಲಿ ಕೆಲವಕ್ಕೆ ಶುದ್ಧ ನೀರು ಹರಿಸಿ, ದಡದಲ್ಲಿ ಮರ ನೆಟ್ಟು, ಮಕ್ಕಳು ಕಾಲು ಇಳಿಬಿಡುವಂತೆ ಮಾಡಿತು. 1973ರಲ್ಲಿ ತೆರೆದ ಫುರುಕಾವಾ ಉದ್ಯಾನ ಜಪಾನಿನಲ್ಲೇ ಈ ಬಗೆಯ ಮೊದಲನೆಯದು. ಆಮೇಲೆ ದೇಶದ ಬೇರೆ ಊರುಗಳೂ ಇದನ್ನೇ ಅನುಸರಿಸಿದವು.

ಇನ್ನು ಕಸಾಯಿ. ಇಲ್ಲಿಗೆ ನಮ್ಮವರ ಕತೆಯೂ ಬಂದು ಸೇರುತ್ತದೆ. ಕಸಾಯಿಯ ಕಡಲು ನೋರಿ ಎಂಬ ತಿನ್ನುವ ಪಾಚಿಗೆ ಹೆಸರಾಗಿತ್ತು. ಕಾರ್ಖಾನೆ ಕೊಳಕಿನಿಂದ ನೀರು ಕೆಟ್ಟಿತು. 1962ರಲ್ಲಿ ಮೀನುಗಾರರು ತಮ್ಮ ಹಕ್ಕು ಬಿಟ್ಟುಕೊಟ್ಟರು. 1969ರಲ್ಲಿ ಟೋಜಾಯ್ ಮೆಟ್ರೋ ಲೈನ್ ಇಲ್ಲಿಯವರೆಗೆ ಬಂತು. 1972ರಿಂದ ಕಡಲಿಗೆ ಮಣ್ಣು ತುಂಬುವ ದೊಡ್ಡ ಕೆಲಸ ಶುರುವಾಯಿತು. ಮುಳುಗಿದ ಹೊಲಗಳೂ ಅದರಲ್ಲಿ ಮತ್ತೆ ನೆಲವಾದವು. 1979ರಲ್ಲಿ ನಿಶಿ-ಕಸಾಯಿ ಸ್ಟೇಷನ್ ತೆರೆಯಿತು. 1989ರಲ್ಲಿ ಸಮುದ್ರದ ಅಂಚಿಗೆ ಕಸಾಯಿ ರಿಂಕಾಯ್ ಉದ್ಯಾನ ಮತ್ತು ಗಾಜಿನ ಗುಮ್ಮಟದ ಮತ್ಸ್ಯಾಲಯ ಬಂದವು. ಅದರ ಮುಂದಿನ ಕೆಸರು ದಂಡೆಗೆ 2018ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಮಹತ್ವದ ಜೌಗು ಪ್ರದೇಶ ಎಂಬ ಅಂತರರಾಷ್ಟ್ರೀಯ ಮನ್ನಣೆಯೂ ಸಿಕ್ಕಿತು. ಹೊಸ ನೆಲದ ಮೇಲೆ ಸೇಯ್‌ಶಿನ್‌ಚೊ, ಅದರ ಹತ್ತಿರ ಕೊಜಿಮಾಚೊ, ಹೀಗೆ ದೊಡ್ಡ ದೊಡ್ಡ ಸರ್ಕಾರಿ ವಸತಿ ಸಮುಚ್ಚಯಗಳು ಎದ್ದವು.

2000ದ ಆಸುಪಾಸಿಗೆ ಕಂಪ್ಯೂಟರ್‌ಗಳ ವೈಟುಕೆ ತೊಂದರೆ, ಅಂದರೆ 2000 ಇಸವಿ ಬಂದಾಗ ದಿನಾಂಕ ತಪ್ಪಾಗುವ ತೊಂದರೆ, ಸರಿಪಡಿಸಲು ಭಾರತದಿಂದ ಎಂಜಿನಿಯರ್‌ಗಳು ಟೋಕಿಯೋಗೆ ಬರತೊಡಗಿದರು. ಅವರ ಕೆಲಸ ಓಟೆಮಾಚಿ, ನಿಹೊನ್‌ಬಾಶಿ ಕಡೆಯ ಬ್ಯಾಂಕುಗಳಲ್ಲಿ. ಟೋಜಾಯ್ ಲೈನಿನಲ್ಲಿ ನಿಶಿ-ಕಸಾಯಿಯಿಂದ ಅಲ್ಲಿಗೆ ಇಪ್ಪತ್ತು ನಿಮಿಷವೂ ಬೇಡ. ಮನೆ ಸಿಗುವುದೇ ದೊಡ್ಡ ಪಾಡಾಗಿತ್ತು. ಜಪಾನಿನ ಖಾಸಗಿ ಮಾಲೀಕರು ಒಬ್ಬ ಸ್ಥಳೀಯ ಜಾಮೀನುದಾರ ಬೇಕು ಅನ್ನುತ್ತಾರೆ, ವಾಪಸ್ ಬಾರದ ಕಾಣಿಕೆ ಹಣ ಕೇಳುತ್ತಾರೆ. ಕೆಲವರು ವಿದೇಶಿಯರು ಎಂದರೆ ಮೊದಲೇ ಬೇಡ ಅನ್ನುತ್ತಾರೆ. ಯುಆರ್ ಎಂಬ ಅರೆಸರ್ಕಾರಿ ವಸತಿ ಸಂಸ್ಥೆಯ ಮನೆಗಳಿಗೆ ಇದು ಯಾವುದೂ ಬೇಡ. ಆದಾಯದ ಲೆಕ್ಕ ಸರಿಯಿದ್ದರೆ ಬೀಗದ ಕೈ ಸಿಗುತ್ತದೆ. ನಿಶಿ-ಕಸಾಯಿಯಲ್ಲಿ ಅಂಥ ಮನೆಗಳು ಸಾಲುಸಾಲಾಗಿ ಇದ್ದವು. ಜನ ಬಂದರು, ದಿನಸಿ ಅಂಗಡಿ ಬಂತು, ಹೋಟೆಲ್ ಬಂತು, ಭಾರತೀಯ ಶಾಲೆ ಬಂತು, ಆಮೇಲೆ ಇನ್ನಷ್ಟು ಜನ ಬಂದರು. ಇವತ್ತು ಜಪಾನಿನಲ್ಲಿ ಭಾರತೀಯರು ಅತಿ ಹೆಚ್ಚಾಗಿರುವುದು ಈ ವಾರ್ಡ್‌ನಲ್ಲೇ, ಐದು ಸಾವಿರಕ್ಕೂ ಜಾಸ್ತಿ. ಬೆಂಗಳೂರಿನ ಕಂಪನಿಗಳಿಂದ ಹೋದ ಕನ್ನಡಿಗರೂ ಇವರಲ್ಲಿದ್ದಾರೆ. ಭಾರತದಲ್ಲಿ ಹುಟ್ಟಿ ಜಪಾನಿ ಪೌರತ್ವ ಪಡೆದ ಯೋಗೇಂದ್ರ ಪುರಾಣಿಕ್ 2019ರ ಏಪ್ರಿಲ್‌ನಲ್ಲಿ ಇಲ್ಲಿನ ವಾರ್ಡ್ ಸಭೆಗೆ ಆಯ್ಕೆಯಾದರು. 'ಇಲ್ಲಿ ಇರಬೇಡಿ' ನಕ್ಷೆ ಬಂದದ್ದು ಮರು ತಿಂಗಳು.

ಇಲ್ಲೊಂದು ಕೊಂಡಿ ಇದೆ, ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ನಿಶಿ-ಕಸಾಯಿಯಲ್ಲಿ ಅಷ್ಟು ದೊಡ್ಡ ಸಮುಚ್ಚಯಗಳಿಗೆ, ನಡುಪೇಟೆಗೆ ಅಷ್ಟು ಹತ್ತಿರ, ಜಾಗ ಸಿಕ್ಕಿದ್ದಾದರೂ ಹೇಗೆ? ಆ ನೆಲ ತಗ್ಗಾಗಿತ್ತು, ಮುಳುಗಿತ್ತು, ಹಾಗಾಗಿ ಬಹಳ ಕಾಲ ಖಾಲಿ ಉಳಿದಿತ್ತು. ನಮ್ಮವರಿಗೆ ಮನೆ ಒದಗಿಸಿದ್ದೂ ನಕ್ಷೆಯಲ್ಲಿ ಎಚ್ಚರಿಕೆ ಬರೆಸಿದ್ದೂ ಒಂದೇ ಇತಿಹಾಸ. ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಹೊಸದಾಗಿ ತುಂಬಿದ ಕಡಲಂಚಿನ ನೆಲ ಅದರ ಹಿಂದಿನ ಹಳೆಯ ನೆಲಕ್ಕಿಂತ ಎತ್ತರದಲ್ಲಿದೆ. ಹೊಸದು ಅಪಾಯ, ಹಳೆಯದು ಭದ್ರ ಎಂಬ ಲೆಕ್ಕ ಇಲ್ಲಿ ತಲೆಕೆಳಗು.

ಒಡ್ಡು ಇನ್ನೂ ಗಟ್ಟಿ ಮಾಡಬಹುದಲ್ಲ ಎಂದು ಕೇಳಬಹುದು. ಅದಕ್ಕೂ ಒಂದು ಯೋಜನೆ ಇದೆ, ಅದರ ಸುತ್ತ ದೊಡ್ಡ ಜಗಳವೂ ಇದೆ. ಸೂಪರ್ ಲೆವಿ ಎಂದು ಅದರ ಹೆಸರು; ಲೆವಿ ಅಂದರೆ ಇಲ್ಲಿ ತೆರಿಗೆಯಲ್ಲ, ನದಿಯ ಒಡ್ಡು. ಸಾಮಾನ್ಯ ಒಡ್ಡು ಗೋಡೆಯಂತೆ ಕಡಿದಾಗಿರುತ್ತದೆ. ಒಮ್ಮೆ ಬಿರುಕು ಬಿಟ್ಟರೆ ಪೂರ್ತಿ ಕೊಚ್ಚಿಹೋಗುತ್ತದೆ. ಸೂಪರ್ ಲೆವಿಯ ಅಗಲ ಅದರ ಎತ್ತರದ ಸುಮಾರು ಮೂವತ್ತು ಪಟ್ಟು. ಒಡ್ಡಿನ ಬೆನ್ನ ಮೇಲೇ ಮನೆ, ರಸ್ತೆ, ಪಾರ್ಕು. ನೀರು ಮೇಲೆ ಹರಿದರೂ ಒಡೆಯುವುದಿಲ್ಲ. ಕೊಮಾತ್ಸುಗಾವಾದಲ್ಲಿ ಹೀಗೆ ಎತ್ತರಿಸಿದ ನೆಲದ ಮೇಲೆ ದೊಡ್ಡ ಪಾರ್ಕು, ಗೋಪುರದಂಥ ಕಟ್ಟಡಗಳು ಇವೆ. ಅದೇ ಪಾರ್ಕಿನ ಅಡಿಯಲ್ಲಿ ಹಳೆಯ ರಾಸಾಯನಿಕ ಕಾರ್ಖಾನೆಯ ವಿಷಕಾರಿ ಕ್ರೋಮಿಯಂ ಕಸವನ್ನು ಮುಚ್ಚಿಟ್ಟಿದ್ದಾರೆ ಎಂಬುದು ಇನ್ನೊಂದು ಕತೆ.

ತೊಂದರೆ ಏನೆಂದರೆ, ಜನ ವಾಸವಿರುವ ಕಡೆ ಇದನ್ನು ಕಟ್ಟಬೇಕಾದರೆ ಅವರ ಮನೆ ಕೆಡವಿ, ಮಣ್ಣು ತುಂಬಿ, ವರ್ಷಗಟ್ಟಲೆ ಬಿಟ್ಟು ಮತ್ತೆ ಮನೆ ಕಟ್ಟಿಸಬೇಕು. ಕಿತಾ-ಕೊಯಿವಾದ ನಿವಾಸಿಗಳು ಕೋರ್ಟಿಗೇ ಹೋದರು. ಯೋಜನೆ ಶುರುವಾದದ್ದು 1987ರಲ್ಲಿ. 2010ರಲ್ಲಿ ಸರ್ಕಾರದ ಖರ್ಚು ಪರಿಶೀಲನೆಯಲ್ಲಿ ಇದೇ ವೇಗದಲ್ಲಿ ಹೋದರೆ ಮುಗಿಯಲು 400 ವರ್ಷ, 12 ಲಕ್ಷ ಕೋಟಿ ಯೆನ್ ಬೇಕು ಎಂಬ ಲೆಕ್ಕ ಬಂತು. ನಿಲ್ಲಿಸಿ ಎಂಬ ತೀರ್ಮಾನವೂ ಆಯಿತು. ಮರುವರ್ಷ ಸುನಾಮಿ ಬಂದ ಮೇಲೆ ಮಾತು ಬದಲಾಯಿತು. 870 ಕಿಲೋಮೀಟರ್ ದಾಟಿದ್ದ ಉದ್ದವನ್ನು ಸುಮಾರು 120ಕ್ಕೆ ಇಳಿಸಿ ಉಳಿಸಿಕೊಂಡರು. ಆ ಉಳಿದ ಭಾಗದಲ್ಲಿ ಎಡೊಗಾವಾ ಇದೆ. ನನ್ನ ಕೇಳಿದರೆ ಎರಡೂ ಪಕ್ಷದಲ್ಲಿ ಹುರುಳಿದೆ. ಆದರೆ ಇಷ್ಟು ನಿಧಾನದ ಕೆಲಸವನ್ನು ನಂಬಿ ಇವತ್ತಿನ ಜನ ಕೂರುವಂತಿಲ್ಲ.

ಹಾಗಾಗಿಯೇ ಊರು ಬಿಟ್ಟು ಹೋಗುವ ಯೋಜನೆ. ಎಡೊಗಾವಾ, ಕೋಟೊ, ಸುಮಿದಾ, ಕಾತ್ಸುಶಿಕಾ, ಅದಾಚಿ ಈ ಐದು ವಾರ್ಡ್‌ಗಳು ಒಟ್ಟಾಗಿ 2018ರಲ್ಲಿ ಒಂದು ಲೆಕ್ಕ ಹಾಕಿದವು. ಅತಿ ಕೆಟ್ಟ ಪ್ರವಾಹದಲ್ಲಿ ಮುಳುಗುವ ಜಾಗದಲ್ಲಿ ಸುಮಾರು 25 ಲಕ್ಷ ಜನ ಇದ್ದಾರೆ. ಕೆಲವು ಕಡೆ ನೀರು 10 ಮೀಟರ್‌ವರೆಗೆ ಬರಬಹುದು. ತಗ್ಗು ನೆಲವಾದ್ದರಿಂದ ಎರಡು ವಾರಕ್ಕೂ ಮೇಲೆ ನಿಲ್ಲಬಹುದು. ಐದನೇ ಮಹಡಿಯಲ್ಲಿ ಇರುವವರು ಮುಳುಗುವುದಿಲ್ಲ, ನಿಜ. ಆದರೆ ಎರಡು ವಾರ ಕರೆಂಟ್, ನಲ್ಲಿ ನೀರು, ಟಾಯ್ಲೆಟ್ ಇಲ್ಲದೆ ಬೇಸಿಗೆಯ ಸೆಕೆಯಲ್ಲಿ ಕೂರಬೇಕು. ಅಷ್ಟು ಜನರನ್ನು ದೋಣಿಯಲ್ಲಿ ಕರೆದೊಯ್ಯುವುದು ಆಗದ ಮಾತು. ಆದ್ದರಿಂದ ಚಂಡಮಾರುತ ಬರುವ 72 ಗಂಟೆ ಮೊದಲೇ ಐದೂ ವಾರ್ಡ್‌ಗಳು ಚರ್ಚೆ ಶುರು ಮಾಡುವುದು, 48 ಗಂಟೆ ಮೊದಲು 'ನೀವಾಗಿಯೇ ಹೊರಡಿ' ಎನ್ನುವುದು, 24 ಗಂಟೆ ಮೊದಲು ಔಪಚಾರಿಕವಾಗಿ ಹೊರಡಲು ಹೇಳುವುದು ಎಂದು ತೀರ್ಮಾನಿಸಿದರು.

ಪುಸ್ತಿಕೆ ಹಂಚಿ ಐದು ತಿಂಗಳಿಗೇ ಪರೀಕ್ಷೆ ಬಂತು. 2019ರ ಅಕ್ಟೋಬರ್ 12, ಹಗಿಬಿಸ್ ಚಂಡಮಾರುತ. ಅದರಲ್ಲಿ ಯೋಜನೆಯ ಒಂದು ದೊಡ್ಡ ತೂತು ಬಯಲಾಯಿತು. ರೈಲು ಕಂಪನಿಗಳು ಸುರಕ್ಷತೆಗಾಗಿ ಹಿಂದಿನ ದಿನವೇ ಘೋಷಿಸಿ 12ರ ಮಧ್ಯಾಹ್ನದ ಹೊತ್ತಿಗೆ ರೈಲುಗಳನ್ನು ನಿಲ್ಲಿಸಿದವು. ಇಲ್ಲಿ ಬಹುಪಾಲು ಜನ ಓಡಾಡುವುದೇ ರೈಲಿನಲ್ಲಿ. ರೈಲಿಲ್ಲದೆ ಲಕ್ಷಗಟ್ಟಲೆ ಜನ ಬೇರೆ ಪ್ರಾಂತ್ಯಕ್ಕೆ ಹೋಗುವುದು ಹೇಗೆ? ಐದು ವಾರ್ಡ್‌ಗಳು ಊರು ಬಿಡುವ ಕರೆ ಕೊಡಲೇ ಇಲ್ಲ. ಅದರ ಬದಲು ಎಡೊಗಾವಾ ತನ್ನ ಪಶ್ಚಿಮ ಭಾಗದ ಸುಮಾರು 4.3 ಲಕ್ಷ ಜನರಿಗೆ ಮನೆ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಲು ಸೂಚಿಸಿತು. ಶಾಲೆಗಳಂಥ ಆಶ್ರಯ ತಾಣಗಳಿಗೆ ಬಂದವರು ಸುಮಾರು 35 ಸಾವಿರ. ಆ ರಾತ್ರಿ ಚಂಡಮಾರುತ ದಾಟಿ ಹೋಯಿತು. ಅರಾಕಾವಾ ಏರುವುದು ನಿಲ್ಲಲಿಲ್ಲ. ಇವಾಬುಚಿಯಲ್ಲಿ ನೀರು ಅತಿ ಎತ್ತರಕ್ಕೆ, 7.17 ಮೀಟರ್‌ಗೆ, ಮುಟ್ಟಿದ್ದು ಮರುದಿನ ಬೆಳಿಗ್ಗೆ. ಅಪಾಯದ ಗೆರೆಗೆ ಅರ್ಧ ಮೀಟರ್ ಬಾಕಿ ಇತ್ತು. ಒಡ್ಡು ಒಡೆಯಲಿಲ್ಲ.

ಆಮೇಲೆ ಎಡೊಗಾವಾ ಆಡಳಿತ ಇನ್ನೊಂದು ಹೆಜ್ಜೆ ಇಟ್ಟಿತು. ಕರೆ ಕೊಟ್ಟಾಗ ಹೊರಗಿನ ಹೋಟೆಲುಗಳಲ್ಲಿ ಉಳಿಯುವ ನಿವಾಸಿಗಳಿಗೆ ಖರ್ಚಿನ ಒಂದು ಭಾಗ ಕೊಡುವುದಾಗಿ ಹೇಳಿತು. ನಿಶಿ-ಕಸಾಯಿಗೆ ಹೊಸದಾಗಿ ಹೋಗುವ ಕನ್ನಡಿಗರು ಬಾಡಿಗೆ, ಸ್ಟೇಷನ್ ದೂರ, ದೋಸೆ ಸಿಗುವ ಹೋಟೆಲ್ ಇವೆಲ್ಲ ವಿಚಾರಿಸುತ್ತಾರೆ. ಜತೆಗೆ ವಾರ್ಡ್‌ನ ಈ ನಕ್ಷೆಯನ್ನೂ ತೆಗೆದು ನೋಡಿ, ಇಂಗ್ಲಿಷ್‌ನಲ್ಲೂ ಸಿಗುತ್ತದೆ. ನಿಮ್ಮ ಬೀದಿಯಲ್ಲಿ ನೀರು ಎಷ್ಟು ಮೀಟರ್, ಎಷ್ಟು ದಿನ ಎಂದು ಬಣ್ಣದಲ್ಲಿ ತೋರಿಸಿದ್ದಾರೆ. ಪಶ್ಚಿಮ ಟೋಕಿಯೋದಲ್ಲೋ ಯೊಕೊಹಾಮಾದ ಗುಡ್ಡದ ಮೇಲೋ ಇರುವ ಒಬ್ಬ ಗೆಳೆಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಹೊರಡುವುದಾದರೆ ರೈಲು ನಿಲ್ಲಿಸುತ್ತೇವೆ ಎಂಬ ಪ್ರಕಟಣೆ ಬಂದ ದಿನವೇ ಹೊರಡಿ. ಮಳೆ ಶುರುವಾದ ಮೇಲೆ ಟೋಜಾಯ್ ಲೈನ್ ಇರುವುದಿಲ್ಲ.